ಕ್ಲಿಕ್ ಬರದ ಸಲಗಳು

ಮೈಥಿಲಿಯನ್ನು ಕಂಡರೆ ಹರಿಣಾಕ್ಷಿಗೆ ಮೊದಲ ವಾರದಿಂದಲೇ ಹೊಟ್ಟೆಯುರಿ. ಉಡುಪಿಯಲ್ಲಿ ಡಿಪ್ಲೊಮಾ ಮುಗಿಸಿ ಬಂದ ಹರಿಣಾಕ್ಷಿ ಸಿಂಗಾಪುರದಲ್ಲಿ ಬೆಳಕಿನ ಪ್ರಯೋಗ ಮಾಡುವ ಲ್ಯಾಬೊಂದರಲ್ಲಿ ಏಳು ವರ್ಷದಿಂದ ಟೆಕ್ನಿಷಿಯನ್. ಕನ್ನಡಿ ಕೂದಲೆಳೆಯಷ್ಟು ವಾಲಿದರೂ ಅವಳಿಗೆ ಗೊತ್ತಾಗುತ್ತಿತ್ತು. ಮೈಥಿಲಿ ಮೈಸೂರಿನವಳು, ಪಿಎಚ್‌ಡಿ ಆದವಳು. 2008ರಲ್ಲಿ ಬಂದ ಎರಡೇ ತಿಂಗಳಿಗೆ ಲ್ಯಾಬಿನ ಮುಖ್ಯಸ್ಥ ವೆಂಕಟೇಶಮೂರ್ತಿಯವರು ದೊಡ್ಡ ಪ್ರಯೋಗವನ್ನು ಅವಳ ಕೈಗಿತ್ತರು.

ಒಟ್ಟಿಗೆ ಹುಟ್ಟಿದ ಬೆಳಕಿನ ಕಣಗಳಲ್ಲಿ ಒಂದನ್ನು ಇಲ್ಲಿ ಅಳೆದರೆ, ದೂರದ ಇನ್ನೊಂದು ಆ ಅಳತೆಗೆ ತಕ್ಕಂತೆ ತಿರುಗಿದ ಹಾಗೆ ಕಾಣುತ್ತದೆ. ಅದನ್ನೇ ಸ್ಟಿಯರಿಂಗ್ ಅನ್ನುತ್ತಾರೆ. ಒಂದೊಂದು ಕಣಕ್ಕೂ ಒಂದೊಂದು ಟೇಬಲ್, ಕಣ ಸಿಕ್ಕಾಗಲೆಲ್ಲ ಅದರ ಮೇಲಿನ ಡಿಟೆಕ್ಟರ್ ಕ್ಲಿಕ್ ಅನ್ನುತ್ತದೆ. ಎರಡು ಕಣಗಳಲ್ಲಿ ಕಂಡದ್ದನ್ನು ಮೈಥಿಲಿ ಮೂರರಲ್ಲಿ ತೋರಿಸಬೇಕಿತ್ತು. ತೋರಿಸಿಯೂ ಬಿಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಕನ್ನಡಿ ಕೂರಿಸಿದವಳ ಹೆಸರನ್ನು ಯಾರೂ ಎತ್ತಲಿಲ್ಲ.

ಹರಿಣಾಕ್ಷಿ ಹಟಕ್ಕೆ ಬಿದ್ದು ಅಳತೆಗಳನ್ನೆಲ್ಲ ಮತ್ತೆ ತೆರೆದು ನೋಡಿದಳು. ಮಂಗಳವಾರ ತಪ್ಪು ಸಿಕ್ಕಿತು. ಎಷ್ಟು ಖುಷಿಯಾಯಿತೆಂದರೆ, ಶುಕ್ರವಾರದ ಮೀಟಿಂಗ್‌ವರೆಗೂ ಬಾಯಿ ಬಿಡಲಿಲ್ಲ.

"ಮೈಥಿಲಿ, ಫಸ್ಟ್ ಟೇಬಲ್‌ನಲ್ಲಿ ಕ್ಲಿಕ್ ಬರದ ಸಲಗಳನ್ನ ಏನ್ ಮಾಡಿದ್ರಿ?" ಎಲ್ಲರೆದುರು ಕೇಳಿದಳು.

"ಡ್ರಾಪ್ ಮಾಡಿದೆ. ಬೆಳಕು ಲಾಸ್ ಆಗೋದು ಸಹಜ ಅಲ್ವಾ?"

"ಆ ಟೇಬಲನ್ನ ನಂಬಬಾರದು ಅನ್ನೋದೇ ಈ ಟೆಸ್ಟಿನ ರೂಲು. ಬೇಡದ ಉತ್ತರ ಬಂದಾಗಲೆಲ್ಲ ಅದು ಕ್ಲಿಕ್ ಅನ್ನದೆ ಸುಮ್ಮನಿದ್ದುಬಿಟ್ರೆ? ಉಳಿದಿದ್ದೆಲ್ಲ ನಮಗೆ ಬೇಕಾದ ಹಾಗೇ ಕಾಣುತ್ತೆ."

ಮೂರ್ತಿಯವರು ಕನ್ನಡಕ ತೆಗೆದು ಮೈಥಿಲಿಯತ್ತ ತಿರುಗಿದರು. "ಎಲ್ಲಾ ಸೇರಿಸಿ ಲೆಕ್ಕ ಮತ್ತೆ ರನ್ ಮಾಡಮ್ಮ."

ಸಂಜೆಯೊಳಗೆ ಮೂರು ಕಣಗಳ ಫಲಿತಾಂಶ ಉಳಿಯಲಿಲ್ಲ. ಮೈಥಿಲಿ ಲಿಫ್ಟಿನ ಬಳಿ ಕಾದು ನಿಂತಿದ್ದಳು. "ಯಾವತ್ತು ಗೊತ್ತಾಯ್ತು ನಿಮಗೆ?"

"ಮಂಗಳವಾರ."

"ನಂಗೊಬ್ಬಳಿಗೇ ಹೇಳಬಹುದಿತ್ತು."

"ಹೇಳಬಹುದಿತ್ತು. ಮನಸ್ಸು ಬರಲಿಲ್ಲ," ಎಂದಳು ಹರಿಣಾಕ್ಷಿ. ಸುಳ್ಳು ಹೇಳಲು ಆಗಲಿಲ್ಲ.

ಒಂದು ತಿಂಗಳು ಇಬ್ಬರ ನಡುವೆ ಈಮೇಲ್ ಮಾತ್ರ. ಆಮೇಲೊಂದು ದಿನ ಮೈಥಿಲಿ ತಾನೇ ಬಂದಳು. "ಹೊಸ ಡಿಟೆಕ್ಟರ್ ಬಂದಿದೆ, ಬೆಳಕು ಅಷ್ಟಾಗಿ ಲಾಸ್ ಆಗಲ್ಲ. ಎರಡೇ ಕಣದಿಂದ ಶುರು ಮಾಡೋಣ, ಕ್ಲಿಕ್ ಬರದ ಒಂದು ಸಲವನ್ನೂ ಬಿಡದೆ. ಕನ್ನಡಿ ಅಲೈನ್ ಮಾಡ್ಕೊಡ್ತೀರಾ?"

ಒಂದೂವರೆ ವರ್ಷ ಹಿಡಿಯಿತು. ಈ ಸಲ ಫಲಿತಾಂಶ ಗಟ್ಟಿಯಾಗಿ ನಿಂತಿತು. ಲೇಖನದಲ್ಲಿ ಹರಿಣಾಕ್ಷಿಯದು ಎರಡನೇ ಹೆಸರು. ಆದರೆ ವಿಯೆನ್ನಾದಲ್ಲಿ ಭಾಷಣಕ್ಕೆ ಕರೆ ಬಂದದ್ದು ಮೈಥಿಲಿಗೆ. ಹರಿಣಾಕ್ಷಿ ಕಂಗ್ರಾಟ್ಸ್ ಅಂದಳು, ಒಳಗೆ ಕುದಿಯುತ್ತಲೇ. ಮರುದಿನ ಮೂರ್ತಿಯವರ ರೂಮಿಗೆ ಹೋಗಿ, ಮೂವತ್ತೆಂಟನೇ ವಯಸ್ಸಿನಲ್ಲಿ, ಪಾರ್ಟ್‌ಟೈಮ್ ಡಿಗ್ರಿಯ ಅರ್ಜಿಗೆ ಸಹಿ ಹಾಕಿಸಿಕೊಂಡು ಬಂದಳು.