ಕೆರೆ ಬೀದಿ ಮುಳುಗಿದ್ದು

ಕಳೆದ ತಿಂಗಳು ನಮ್ಮ ಬೀದಿ ಮುಳುಗಿತು. ಮಳೆ ಬಂದಿರಲಿಲ್ಲ. ನಲ್ಲಿಯಲ್ಲೂ ನೀರಿರಲಿಲ್ಲ (ಅದು ಮಾಮೂಲು ಬಿಡಿ). ಆದರೂ ಗವಿಪುರಂನ ಕೆರೆ ಬೀದಿಯ ಅಷ್ಟೂ ಮನೆಗಳು ನೀರಿನಡಿ ಹೋದವು. ಕಂಪ್ಯೂಟರಿನಲ್ಲಿ!

ವಿಷಯ ಮೊದಲು ತಿಳಿದದ್ದು ಪಕ್ಕದ ಮನೆಯ ವಿಶಾಲಾಕ್ಷಮ್ಮನವರಿಗೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ರಿಟೈರಾದವರು. ಯಜಮಾನರಿಗೆ ಲಕ್ವ ಹೊಡೆದ ಮೇಲೆ ಮಹಡಿಯ ಕೋಣೆಯೇ ಅವರ ಪ್ರಪಂಚ. ಕೆಳಗೆ ಹಿತ್ತಲಿನಲ್ಲಿ ಒಂದು ರೂಮು, ಬಾತ್‌ರೂಮು ಕಟ್ಟಿಸಿದರೆ ಬೆಳಗಿನ ಬಿಸಿಲಿಗಾದರೂ ಬಂದು ಕೂತಾರು ಎಂದು ಆಕೆಯ ಆಸೆ. ಪ್ಲಾನ್ ಮಂಜೂರು ಮಾಡಿಸಲು ಪಾಲಿಕೆ ಕಚೇರಿಗೆ ಹೊರಟರು.

"ನೀವೂ ಬನ್ನಿ. ಪೇಪರ್‌ನಲ್ಲಿ ಬರೀತೀರಲ್ಲ, ಸ್ವಲ್ಪ ಹೆದರ್ತಾರೆ" ಎಂದು ನನ್ನನ್ನೂ ಎಳೆದೊಯ್ದರು. (ಯಾರೂ ಹೆದರಲಿಲ್ಲ.)

ಅಲ್ಲಿನ ಎಂಜಿನಿಯರ್ ನಕ್ಷೆ ತೆರೆದು ದಪ್ಪ ಮಾನಿಟರನ್ನು ನಮ್ಮ ಕಡೆ ತಿರುಗಿಸಿದರು. ನಮ್ಮ ಬೀದಿ ಪೂರ್ತಿ ನೀಲಿ.

"ಇಲ್ಲಿ ಕಟ್ಟೋಕಾಗಲ್ಲ ಮೇಡಂ. ಸಿಸ್ಟಮ್‌ನಲ್ಲಿ ಕೆರೆ ಅಂತಿದೆ."

"ಕೆರೆನಾ? ಮದುವೆಯಾಗಿ ಬಂದಾಗಿಂದ ಅಲ್ಲೇ ಅಡುಗೆ ಮಾಡ್ತಿದೀನಪ್ಪಾ!"

"ನಂಗೂ ಗೊತ್ತು ಮೇಡಂ. ನಮ್ಮತ್ತೆ ಮನೆ ನಿಮ್ಮ ಹಿಂದಿನ ಬೀದಿನೇ. ಆದ್ರೆ ಸಿಸ್ಟಮ್ ಹಾಗನ್ನಲ್ಲ."

ಕಣ್ಣಿಗೆ ಕಂಡದ್ದು ಸುಳ್ಳು, ಸ್ಕ್ರೀನಿಗೆ ಕಂಡದ್ದು ಸತ್ಯ. ಇದಕ್ಕೇ ತಾನೇ ಹೈಟೆಕ್ ಅನ್ನುವುದು?

ಎಂಜಿನಿಯರ್ ಫೋನ್ ಮಾಡಿದ ಮೇಲೆ ನಕ್ಷೆ ಮಾಡಿಕೊಟ್ಟ ಕಂಪನಿಯ ಪ್ರೋಗ್ರಾಮರ್ ಬಂದ. ಸೌಮ್ಯ ಮನುಷ್ಯ, ಕಂಕುಳಲ್ಲಿ ಲ್ಯಾಪ್‌ಟಾಪು. ನಕ್ಷೆಯ ಪ್ರತಿ ತುಂಡು ಜಾಗದ ಹಿಂದೆ ಒಂದು ಟೇಬಲ್ ಇರುತ್ತದಂತೆ. ಒಂದು ಕಾಲಂನಲ್ಲಿ ಜಾಗದ ಹೆಸರು, ಇನ್ನೊಂದರಲ್ಲಿ ಅದರ ಬಳಕೆ: ಮನೆಯೋ, ಅಂಗಡಿಯೋ, ನೀರೋ. ಬಳಕೆಯ ಕಾಲಂ ಅರ್ಧಕ್ಕರ್ಧ ಖಾಲಿ ಇತ್ತು. ಹೋಗಿ ನೋಡಿಕೊಂಡು ತುಂಬಬೇಕು. ಬಿಸಿಲಿನಲ್ಲಿ ಯಾರು ಹೋಗುತ್ತಾರೆ? ಈತ ಪುಟ್ಟದೊಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೊಂದು ಅಪ್ಪಣೆ ಚೀಟಿ, ಬರೆದ. ಹೆಸರಿನಲ್ಲಿ 'ಕೆರೆ' ಎಂದಿದ್ದರೆ ಬಳಕೆ 'ನೀರು'. ಎಂಟರ್ ಒತ್ತಿದ. ಕಾಫಿ ಕುಡಿದು ಬರುವಷ್ಟರಲ್ಲಿ ಊರೆಲ್ಲ ಭರ್ತಿ!

"ಹಾಗಾದ್ರೆ ನಮ್ಮಪ್ಪ ಈಜು ಕಲಿತ ಕೆರೆ ಮೇಲೆ ಈಗ ಬಸ್ ಸ್ಟ್ಯಾಂಡ್ ಇದೆ. ಅದೇನಂತ ತೋರಿಸುತ್ತೆ?" ವಿಶಾಲಾಕ್ಷಮ್ಮ ಕೇಳಿದರು.

"ಹೆಸರಲ್ಲಿ ಕೆರೆ ಇಲ್ವಲ್ಲ ಆಂಟಿ."

"ಸರಿ, ತಪ್ಪಾಯ್ತಲ್ಲ, ತಿದ್ದಪ್ಪ."

ತಿದ್ದಬಹುದಂತೆ. ಆದರೆ ಪ್ರತಿ ಮನೆಯವರೂ ಬೇರೆ ಬೇರೆ ಅರ್ಜಿ ಕೊಡಬೇಕು, ಸ್ಥಳ ತನಿಖೆಯಾಗಬೇಕು, ಮೇಲಿನವರ ಸಹಿ ಬೀಳಬೇಕು. ಮುಳುಗಿಸುವಾಗ ಹೋಲ್‌ಸೇಲ್, ಮೇಲೆತ್ತುವಾಗ ರಿಟೇಲ್!

ಅಷ್ಟು ಹೊತ್ತು ನಗುನಗುತ್ತಲೇ ಮಾತಾಡಿದ ವಿಶಾಲಾಕ್ಷಮ್ಮ ಕೈಚೀಲವನ್ನು ಎಂಜಿನಿಯರ್ ಮೇಜಿನ ಮೇಲೆ ಇಟ್ಟರು. "ಯಜಮಾನರನ್ನ ಕುರ್ಚೀಲಿ ಕೂರಿಸಿ ಇಲ್ಲಿಗೇ ಹೊತ್ಕೊಂಡು ಬರ್ತೀನಿ. ಮುಳುಗಿದೋರು ಹೇಗಿರ್ತಾರೆ ಅಂತ ನೀವೇ ತನಿಖೆ ಮಾಡ್ಬಿಡಿ." ಹಾಗೆಂದು ಬೆಂಚಿನ ಮೇಲೆ ಕೂತವರು ಏಳಲೇ ಇಲ್ಲ. ಕಚೇರಿ ಊಟಕ್ಕೆ ಹೋಯಿತು, ಬಂತು. ಆಕೆ ಅಲ್ಲೇ ಇದ್ದರು. ಕೊನೆಗೆ ಎಂಜಿನಿಯರರೇ ಪ್ರೋಗ್ರಾಮರನ ಕಿವಿಯಲ್ಲಿ ಏನೋ ಉಸುರಿದರು. ಆತ ಲ್ಯಾಪ್‌ಟಾಪ್ ಬಿಚ್ಚಿ ಇನ್ನೊಂದು ಸ್ಕ್ರಿಪ್ಟ್ ಓಡಿಸಿದ. ನೀಲಿ ಹೋಗಿ ಹಳದಿ ಬಂತು. ನಮ್ಮ ಬೀದಿ ಮತ್ತೆ ವಸತಿ ಪ್ರದೇಶ!

ವಿಶಾಲಾಕ್ಷಮ್ಮ ಕಣ್ಣೊರೆಸಿಕೊಂಡರು. ಈಗ ಅವರ ಹಿತ್ತಲಿನಲ್ಲಿ ಗೋಡೆ ಎದ್ದಿದೆ. ಯಜಮಾನರು ಮಹಡಿ ಕಿಟಕಿಯಿಂದಲೇ ಮೇಸ್ತ್ರಿಯ ಕೆಲಸದಲ್ಲಿ ತಪ್ಪು ಹಿಡಿಯುವಷ್ಟು ಗೆಲುವಾಗಿದ್ದಾರೆ.

ಮೊನ್ನೆ ಮಂಜೂರಾತಿ ಪತ್ರದ ಇನ್ನೊಂದು ನಕಲು ತರಲು ಅದೇ ಕಚೇರಿಗೆ ಹೋದಾಗ ಸುಮ್ಮನೆ ಕುತೂಹಲಕ್ಕೆ ಊರಾಚೆಯ ನಕ್ಷೆ ತೋರಿಸಿ ಎಂದೆ. ಅಲ್ಲಿ ಕೊಕ್ಕರೆ ಇಳಿಯುವ, ದೋಣಿ ತೇಲುವ, ತುಂಬಿದ ನಿಜವಾದ ಕೆರೆಯೊಂದಿದೆ. ಸ್ಕ್ರೀನಿನ ಮೇಲೆ ಅದೂ ಹಳದಿ!

"ಹೆಸರಲ್ಲಿ ಕೆರೆ ಇದ್ದಿದ್ದನ್ನೆಲ್ಲಾ ಒಟ್ಟಿಗೆ ವಸತಿ ಮಾಡ್ಬಿಟ್ಟಿದಾರೆ ಸಾರ್" ಎಂದರು ಎಂಜಿನಿಯರ್. "ಇರ್ಲಿ, ಮುಂದಿನ ಅಪ್‌ಡೇಟ್‌ನಲ್ಲಿ ನೋಡೋಣ."

ಅಷ್ಟರೊಳಗೆ ಲೇಔಟ್ ಮಾಡುವವರು ನೋಡಿಬಿಟ್ಟರೆ?