ದಿಬ್ಬದ ಅವ್ವನ ಸೋಮವಾರಗಳು

ಕಳೆದ ವಾರ ನಮ್ಮ ಬೀದಿಯಲ್ಲಿ ನಲ್ಲಿಯ ಪೈಪು ಒಡೆಯಿತು. ರಿಪೇರಿಯವರು ಬಂದು ಶ್ರದ್ಧೆಯಿಂದ ಗುಂಡಿ ತೋಡಿ, ಅಷ್ಟೇ ಶ್ರದ್ಧೆಯಿಂದ ಅದನ್ನು ಹಾಗೇ ಬಿಟ್ಟು ಹೋದರು. ಯಾರದೋ ಗಾಡಿಯಿಂದ ಉದುರಿದ ಒಣಹುಲ್ಲು ಅದರೊಳಗೆ ಬಿತ್ತು. ನಾಲ್ಕನೆಯ ದಿನಕ್ಕೆ ಮಣ್ಣು, ನೀರು, ಹುಲ್ಲು ಮೂರೂ ಕೂಡಿ ಹುಳಿತು ಬೀದಿಗೆಲ್ಲ ವಾಸನೆ. ಜನ ಮೂಗು ಮುಚ್ಚಿಕೊಂಡು ಓಡಾಡಿದರು. ನಾನು ಮಾತ್ರ ಗುಂಡಿಯ ಅಂಚಿನಲ್ಲಿ ನಿಂತು ಉಸಿರು ಎಳೆದುಕೊಳ್ಳುತ್ತಿದ್ದೆ. ಸೊಸೆ ಅದನ್ನು ನೋಡಿದಳು. ಸಂಜೆ ಡಾಕ್ಟರ ಹತ್ತಿರ ಹೋಗಿಬರೋಣವೇ ಎಂದು ಮಾತ್ರ ಕೇಳಿದಳು.

ಅವಳ ತಪ್ಪಲ್ಲ. ಅದು ಗೋಡೆಯ ವಾಸನೆ ಎಂದು ಈಗ ಯಾರಿಗೆ ಗೊತ್ತು? ಹುಲ್ಲು ಬೆರೆಸಿ, ನೀರು ಬಿಟ್ಟು, ಕೊಳೆಯಲು ಬಿಟ್ಟ ಮಣ್ಣು... ಅದರೊಳಗೆ ಮೊಣಕಾಲುದ್ದ ಇಳಿದವನಿಗೆ ಮಾತ್ರ ಅದು ಮರೆಯುವುದಿಲ್ಲ. ನನ್ನನ್ನು ಇಳಿಸಿದವರು ಒಬ್ಬ ಸೂಲಗಿತ್ತಿ. ಸುತ್ತಲ ಏಳೂರಿನವರು ಅವರನ್ನು ದಿಬ್ಬದ ಅವ್ವ ಎನ್ನುತ್ತಿದ್ದರು. ನಾನೂ ಹಾಗೇ ಎನ್ನುತ್ತಿದ್ದೆ.

ಆಗ ಸ್ವಾತಂತ್ರ್ಯ ಬಂದ ಹೊಸತು. ಬೂದಿಗೆರೆಯಿಂದ ಎರಡು ಮೈಲಿ ದೂರದ ಹಳ್ಳಿಯೊಂದರ ಶಾಲೆಗೆ ನಾನು ಒಬ್ಬನೇ ಉಪಾಧ್ಯಾಯ. ಹೆಡ್ ಮಾಸ್ತರು ನಾನೇ, ಅವರ ಮಾತು ಕೇಳಬೇಕಾದ ಸಿಬ್ಬಂದಿಯೂ ನಾನೇ, ಗಂಟೆ ಹೊಡೆಯುವವನೂ ನಾನೇ. ಊರ ಮುಂದೆ ದೊಡ್ಡ ಕೆರೆ. ಕೆರೆಯ ಅಂಗಳದ ನಡುವೆ ಒಂದು ದಿಬ್ಬ, ಅದರ ಮೇಲೆ ಹದಿನೆಂಟು ಮಣ್ಣಿನ ಮನೆ. ಬೇಸಗೆಯಲ್ಲಿ ಅದಕ್ಕೆ ನಡೆದು ಹೋಗಬಹುದು. ಕೆರೆ ತುಂಬಿದರೆ ದ್ವೀಪ. ಆಗ ತೆಪ್ಪವೇ ಗತಿ. ನೀರು ಇಳಿದಂತೆಲ್ಲ ಬಿಟ್ಟುಹೋದ ಗೋಡಿನ, ಅಂದರೆ ಕೆರೆಯ ಮೆಕ್ಕಲು ಮಣ್ಣಿನ, ಮೇಲೆ ಸೊಪ್ಪು, ಸೌತೆ, ಕಲ್ಲಂಗಡಿ ಬೆಳೆದು ಆ ಹದಿನೆಂಟು ಮನೆಯವರು ಬದುಕುತ್ತಿದ್ದರು.

ಆ ವರ್ಷ ಕಾರ್ತಿಕದಲ್ಲಿ ಮದ್ರಾಸಿನ ಕಡೆಯ ಸಮುದ್ರದಲ್ಲಿ ಎದ್ದ ಬಿರುಗಾಳಿ, ದಾರಿ ತಪ್ಪಿಯೋ ಏನೋ, ನಮ್ಮ ಮೇಲೆ ಬಂತು. ಎರಡು ಹಗಲು, ಎರಡು ರಾತ್ರಿ. ಮೊದಲು ದಿಬ್ಬದ ಮನೆಗಳ ಜೊಂಡಿನ ಸೂರು ಹಾರಿತು. ಆಮೇಲೆ ತಲೆ ಬರಿದಾದ ಗೋಡೆಗಳು ಬೆಲ್ಲದ ಅಚ್ಚು ಕರಗಿದಂತೆ ಕರಗಿದವು. ಗಾಳಿ ನಿಂತ ಬೆಳಿಗ್ಗೆ ಕೆರೆಯ ಏರಿಯ ಮೇಲೆ ನಿಂತು ನೋಡಿದರೆ ನೀರಿನ ನಡುವೆ ಒಂದು ಕೆಸರಿನ ಗುಡ್ಡೆ, ಅದರಲ್ಲಿ ಅಡ್ಡಡ್ಡ ಬಿದ್ದ ಬಾಗಿಲುವಾಡಗಳು, ಬಂಡೆಯ ಮೇಲೆ ಮುದುರಿ ಕೂತ ಜನ. ದನಕರು ಹೋಗಿದ್ದವು. ಮನುಷ್ಯರು ಎಲ್ಲ ಉಳಿದಿದ್ದರು. ತೆಪ್ಪದಲ್ಲಿ ಅವರನ್ನು ದಾಟಿಸಿ ನನ್ನ ಶಾಲೆಯಲ್ಲಿ ಇಳಿಸಿದರು. ಆ ಸಂಜೆಯೇ ಏಷ್ಯಾಖಂಡದ ಭೂಪಟದ ಕೆಳಗೆ ಅವ್ವ ಒಂದು ಹೆರಿಗೆ ಮಾಡಿಸಿದರು. ಹಾಜರಿ ಪುಸ್ತಕಕ್ಕೆ ಅಷ್ಟು ಬೇಗ ಸೇರಿದ ವಿದ್ಯಾರ್ಥಿ ಮತ್ತೊಬ್ಬನಿಲ್ಲ.

ವಾರದಲ್ಲಿ ಅಮಲ್ದಾರರು ಬಂದರು. ಒಳ್ಳೆಯ ಅಧಿಕಾರಿ, ಅಂದರೆ ಕಾಗದದಲ್ಲಿ ಇಲ್ಲದ ಮಾತು ಆಡದವರು. ದಿಬ್ಬ ವಾಸಕ್ಕೆ ತಕ್ಕದ್ದಲ್ಲ, ಮೂರು ಮೈಲಿ ಆಚೆಯ ಕಲ್ಲುಬೋರೆಯಲ್ಲಿ ಜಾಗ ಕೊಡಬಹುದು ಎಂದರು. ಸಂಕ್ರಾಂತಿಯ ಸುಮಾರಿಗೆ ಮತ್ತೆ ಬರುತ್ತೇನೆ, ಆಗ ದಿಬ್ಬದ ಮೇಲೆ ಮನೆಗಳಿದ್ದರೆ ಸರಿ, ಇಲ್ಲದಿದ್ದರೆ ದಫ್ತರದಲ್ಲಿ ಊರನ್ನು ಬೇಚಿರಾಕ್ ಎಂದು ಬರೆಯಬೇಕಾಗುತ್ತದೆ ಎಂದೂ ಹೇಳಿದರು. ಜನವಸತಿ ಇಲ್ಲದ ಗ್ರಾಮಕ್ಕೆ ಸರ್ಕಾರ ಇಟ್ಟ ಹೆಸರು ಅದು. ಒಮ್ಮೆ ಹಾಗೆ ಬರೆದರೆ ದಿಬ್ಬವೂ ಹೋಯಿತು, ಗೋಡಿನ ಬೇಸಾಯವೂ ಹೋಯಿತು. ಕಲ್ಲುಬೋರೆಯಲ್ಲಿ ಸೌತೆ ಬೆಳೆಯುವ ವಿದ್ಯೆ ಯಾರಿಗೂ ತಿಳಿದಿರಲಿಲ್ಲ.

ಇಂಥ ಹೊತ್ತಿನಲ್ಲಿ ಹೊಸಕೋಟೆಯ ಗಣ್ಯರು ಒಂದು ಪರಿಹಾರ ಸಮಿತಿ ಕಟ್ಟಿದರು. ಸದಸ್ಯರು ಒಂಬತ್ತು ಜನ, ಅವರಲ್ಲಿ ಪದಾಧಿಕಾರಿಗಳು ಎಂಟು ಜನ. ಕಾರ್ಯದರ್ಶಿ ನಾನು. ಮೊದಲ ಸಭೆಯಲ್ಲಿ ಸಮಿತಿಯ ಮೊಹರು ದುಂಡಗಿರಬೇಕೋ ಮೊಟ್ಟೆಯಾಕಾರದಲ್ಲಿರಬೇಕೋ ಎಂಬ ಬಗ್ಗೆ ಗಂಭೀರ ಚರ್ಚೆ ನಡೆದು, ಮೊಟ್ಟೆಯ ಪಕ್ಷಕ್ಕೆ ಬಹುಮತ ಬಂತು. ಎರಡನೆಯ ಸಭೆಯಲ್ಲಿ ಮಾದರಿ ಮನೆಯೊಂದನ್ನು ಕಟ್ಟಿ ತೋರಿಸುವುದೆಂದು ನಿರ್ಣಯವಾಯಿತು. ಅಧ್ಯಕ್ಷರು ಜವಳಿ ವ್ಯಾಪಾರಿ, ಉತ್ಸಾಹಿ, ನಿಜಕ್ಕೂ ಒಳ್ಳೆಯ ಮನುಷ್ಯ. ಹತ್ತು ಜನ ತರುಣರನ್ನು ಕರೆತಂದು ದಿಬ್ಬದ ಯಜಮಾನರ ಮನೆಯ ಗೋಡೆಯನ್ನು ಎರಡೇ ದಿನದಲ್ಲಿ ಆಳುದ್ದ ಎಬ್ಬಿಸಿ ಮಾವಿನ ತೋರಣ ಕಟ್ಟಿಸಿದರು. ಮೂರನೆಯ ಬೆಳಿಗ್ಗೆ ನಾವೆಲ್ಲ ನೋಡುತ್ತಿರುವಾಗಲೇ ಆ ಗೋಡೆ ಹೊಟ್ಟೆ ಉಬ್ಬಿಸಿ, ಒಮ್ಮೆ ನಿಟ್ಟುಸಿರಿಟ್ಟು, ತೋರಣಸಮೇತ ಅಧ್ಯಕ್ಷರ ಪಾದಕ್ಕೆ ಸಾಷ್ಟಾಂಗ ಬಿತ್ತು.

ಯಾರೂ ನಗಲಿಲ್ಲ. ಅವ್ವ ಹತ್ತಿರ ಬಂದು ಬಿದ್ದ ಮಣ್ಣನ್ನು ಬೆರಳಲ್ಲಿ ಒತ್ತಿ ನೋಡಿದರು. ಎಪ್ಪತ್ತು ದಾಟಿದ ಹೆಂಗಸು, ಕಡ್ಡಿಯಂಥ ದೇಹ, ಆದರೆ ದೇಹಕ್ಕೆ ಹೊಂದದಷ್ಟು ದೊಡ್ಡ ಕೈಗಳು.

"ತಿಂಗಳು ತುಂಬದಲೇ ಎಳೆದ್ರೆ ಹಿಂಗೇ ಆಯ್ತದೆ, ಸ್ವಾಮಿ," ಎಂದು ಅಧ್ಯಕ್ಷರಿಗೆ ಹೇಳಿದರು.

ಬೈಗುಳವಲ್ಲ, ಕಸುಬಿನವರು ಕಸುಬಿನವರಿಗೆ ಹೇಳುವಂಥ ಮಾತು. ಮಣ್ಣಿನ ಗೋಡೆಯನ್ನು ಒಂದು ಮೊಳ ಎಬ್ಬಿಸಿ ಒಣಗಲು ಬಿಡಬೇಕು. ಒಣಗಿದ ಮೇಲೆ ಅದರ ಮೇಲೆ ಇನ್ನೊಂದು ವರಸೆ. ದಿಬ್ಬದ ಜನಕ್ಕೆ ಇದು ಗೊತ್ತಿಲ್ಲದ್ದೇನಲ್ಲ. ಪಟ್ಟಣದವರಿಗೆ ಹೇಳಲು ಸಂಕೋಚಪಟ್ಟಿದ್ದರು. ಹಾಗಾದರೆ ಇಷ್ಟು ಮನೆಗೆ ಇಷ್ಟು ಸಲ ಮಣ್ಣು ತುಳಿಯಲು ಆಳುಗಳೆಲ್ಲಿ ಎಂದು ಅಧ್ಯಕ್ಷರು ಕೇಳಿದರು. ಅವ್ವ ಕೋಲು ತೆಗೆದುಕೊಂಡು ತೆಪ್ಪ ಹತ್ತಿದರು.

ಮುಂದಿನ ಮೂರು ದಿನ ಅವರು ಏಳೂರು ತಿರುಗಿದರಂತೆ. ಒಂದು ಮನೆಯ ಬಾಗಿಲಲ್ಲಿ ಅವರನ್ನು ನಾನೇ ನೋಡಿದೆ, ನಮ್ಮೂರ ಪಟೇಲರ ಮನೆಯಲ್ಲಿ. ಪಟೇಲರಿಗೆ ನಲವತ್ತೈದಾಗಿತ್ತು, ಮೀಸೆಗೇ ಪ್ರತ್ಯೇಕ ಪ್ರತಿಷ್ಠೆ ಇತ್ತು. ಅವ್ವ ಜಗಲಿ ಹತ್ತಲಿಲ್ಲ, ಕೂರಲಿಲ್ಲ. ಕೈ ಮುಂದೆ ಚಾಚಿ ಹೇಳಿದರು:

"ಲೋ ಪಟೇಲ, ನಿನ್ನ ಹೊಕ್ಕುಳ ಕುಯ್ದ ಕೈ ಇದು. ಸೋಮವಾರ ಬಂದು ಮಣ್ಣು ತುಳಿ."

ಸೋಮವಾರ ಎಂದದ್ದು ಸುಮ್ಮನಲ್ಲ. ನಮ್ಮ ಕಡೆ ಆ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತಿಗೆ ರಜ ಎಂದರೆ ಅದರ ಹಿಂದೆ ನಡೆಯುವವನಿಗೂ ರಜ. ವಾರಕ್ಕೊಂದು ವರಸೆ, ನಡುವೆ ಆರು ದಿನ ಒಣಗಲು. ಮೊಟ್ಟೆಯಾಕಾರದ ಮೊಹರಿಟ್ಟುಕೊಂಡ ನಮ್ಮ ಒಂಬತ್ತು ತಲೆಗೆ ಹೊಳೆಯದ ಲೆಕ್ಕ.

ಆ ಸೋಮವಾರ ಬೆಳಿಗ್ಗೆ ಏರಿಯ ಮೇಲೆ ಕಂಡದ್ದನ್ನು ಹೇಗೆ ಹೇಳಲಿ... ನೀರು ಅಷ್ಟು ಹೊತ್ತಿಗೆ ಇಳಿದು ದಿಬ್ಬಕ್ಕೆ ತೊಡೆಮಟ್ಟದ ದಾರಿ ಬಿದ್ದಿತ್ತು. ಆ ದಾರಿಯಲ್ಲಿ ಜನ, ತಲೆಯ ಮೇಲೆ ಬುತ್ತಿ, ಹೆಗಲ ಮೇಲೆ ಸನಿಕೆ, ಸಾಲು ಮುಗಿಯುವುದೇ ಇಲ್ಲ. ಎಣಿಸಲು ಹೊರಟು ಕೈಬಿಟ್ಟೆ. ಅಜ್ಜಂದಿರಿದ್ದರು, ಮದುವೆಯಾಗಿ ಬೇರೆ ಊರು ಸೇರಿದ್ದ ಹೆಣ್ಣುಮಕ್ಕಳು ಗಂಡಂದಿರನ್ನು ಎಳೆದುಕೊಂಡು ಬಂದಿದ್ದರು. ಆ ವರ್ಷವಷ್ಟೇ ಪರಸ್ಪರ ತಲೆ ಒಡೆದುಕೊಂಡಿದ್ದ ಅಣ್ಣತಮ್ಮಂದಿರು ಒಂದೇ ಮಣ್ಣಿನ ಗುಂಡಿಗೆ ಇಳಿದರು. ಒಂದೇ ಕೈಗೆ ಹುಟ್ಟಿದವರೆಂಬುದು ಬಿಟ್ಟರೆ ಅಷ್ಟು ಜನರ ನಡುವೆ ಬೇರೆ ನೆಂಟಸ್ತಿಕೆ ಇರಲಿಲ್ಲ. ಪಟೇಲರು ಪಂಚೆ ಎತ್ತಿಕಟ್ಟಿ ಇಳಿದಾಗ ಗುಂಡಿಯಲ್ಲಿದ್ದ, ಊರ ಚಾಕರಿಯ ತೋಟಿ ಹೆದರಿ ಮೇಲೇಳಲು ಹೋದ. ಅವ್ವ ಅವನ ಭುಜ ಒತ್ತಿ ಅಲ್ಲೇ ನಿಲ್ಲಿಸಿದರು. ಸ್ವಲ್ಪ ಹೊತ್ತಿನಲ್ಲಿ ಯಾರ ಕಾಲು ಯಾರದೆಂದು ತಿಳಿಯಲಿಲ್ಲ. ಜಾತಿ ಎಂಬುದು ಮೊಣಕಾಲಿನ ಮೇಲೆ ಮಾತ್ರ ಉಳಿದಿತ್ತು. ಊಟಕ್ಕೆ ಕೂತಾಗ ಮತ್ತೆ ಬೇರೆ ಬೇರೆ ಸಾಲಾಯಿತು, ಅದನ್ನೂ ಹೇಳಬೇಕು.

ನಾನು ಗುಂಡಿಯ ದಡದಲ್ಲಿ ಪುಸ್ತಕ ಹಿಡಿದು ಕಾರ್ಯದರ್ಶಿಯಂತೆ ನಿಂತಿದ್ದೆ. ಅವ್ವ ಬಂದು, ನೀವು ಯಾರ ಕೈಯಲ್ಲಿ ಹುಟ್ಟಿದ್ದು ಎಂದು ಕೇಳಿದರು. ಮೈಸೂರಿನ ಆಸ್ಪತ್ರೆಯಲ್ಲಿ ಎಂದೆ.

"ಹಂಗಾರೆ ನಿಮ್ಗೆ ಬಲವಂತ ಇಲ್ಲ ಬುಡಿ, ಮೇಷ್ಟ್ರೆ."

ಅಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಹೊರಗಿಟ್ಟಿರಲಿಲ್ಲ. ಪುಸ್ತಕ ಬಂಡೆಯ ಮೇಲಿಟ್ಟು ಗುಂಡಿಗೆ ಇಳಿದೆ. ಆ ವಾಸನೆ ಮೂಗಿಗೆ ಹತ್ತಿದ್ದು ಆಗ.

ಅವ್ವನ ಕ್ರಮ ಎರಡೇ. ಗೋಡೆಗೆ ಕೈ ಹಚ್ಚುವ ಮೊದಲು ಹದಿನೆಂಟು ಮನೆಗೂ ಬಾಗಿಲು ನಿಲ್ಲಿಸಬೇಕು. ಕೆಸರಿನಿಂದ ಹಳೆಯ ಬಾಗಿಲುವಾಡಗಳನ್ನು ಎಬ್ಬಿಸಿ, ತೊಳೆದು, ನೆಟ್ಟು, ಹೊಸಿಲಿಗೆ ಅರಿಶಿನ ಕುಂಕುಮ ಹಚ್ಚಿಸಿದರು. ಅರ್ಧ ದಿನ ಶಾಸ್ತ್ರಕ್ಕೇ ಹೋಯಿತಲ್ಲ ಎಂದು ಅಧ್ಯಕ್ಷರು ಕೈ ಹಿಸುಕಿಕೊಂಡರು. ಎರಡನೆಯದು, ಎಲ್ಲ ಮನೆಗೂ ಅಂದಂದಿಗೆ ಒಂದೊಂದೇ ಮೊಳ. ಯಾರ ಮನೆಯೂ ಮೊದಲಲ್ಲ. ಮೊದಲ ಸೋಮವಾರ ಸಂಜೆ ಹದಿನೆಂಟು ಮನೆ ಮೊಣಕಾಲೆತ್ತರ. ಎರಡನೆಯ ಸೋಮವಾರ ಹದಿನೆಂಟೂ ಸೊಂಟದೆತ್ತರ. ಊರಿಗೆ ಊರೇ ಒಂದು ಪೈರಿನಂತೆ ಸಮನಾಗಿ ಏಳುತ್ತಿತ್ತು. ಏರಿಯ ಮೇಲೆ ಹೋಗುವ ಗಾಡಿಯವರು ನಿಲ್ಲಿಸಿ ನೋಡುತ್ತಿದ್ದರು.

ಆಗ ಸುದ್ದಿ ಬಂತು, ಅಮಲ್ದಾರರು ಸಂಕ್ರಾಂತಿಯ ತನಕ ಕಾಯುವುದಿಲ್ಲ, ಮುಂದಿನ ವಾರವೇ ಬರುತ್ತಾರೆ ಎಂದು. ಅಧ್ಯಕ್ಷರು ದಿಬ್ಬದವರನ್ನು ಕೂಡಿಸಿ ತಮ್ಮ ವಿಚಾರ ಹೇಳಿದರು. ಎಲ್ಲ ಕೈಗಳನ್ನೂ ಒಂದೇ ಮನೆಗೆ ಹಾಕೋಣ. ಹೊರಗಿನಿಂದ ಕಲ್ಲು ತಂದಾದರೂ ಸರಿ, ಯಜಮಾನರ ಮನೆಯೊಂದಕ್ಕೆ ಸೂರು ಹೊದಿಸೋಣ. ಒಂದು ಮನೆ ಇದ್ದರೂ ಕಾಗದದಲ್ಲಿ ಊರು ಉಳಿಯುತ್ತದೆ. ಮಿಕ್ಕದ್ದು ಆಮೇಲೆ ನೋಡಿಕೊಳ್ಳಬಹುದು. ತಪ್ಪು ಮಾತಲ್ಲ. ನನಗೂ ಅದೇ ಸರಿ ಎನಿಸಿತು. ಯಜಮಾನರ ಮುಖದಲ್ಲಿ ಆಸೆ ಹಾದುಹೋದದ್ದು ಎಲ್ಲರಿಗೂ ಕಂಡಿತು. ಎಲ್ಲರೂ ಅವ್ವನನ್ನು ನೋಡಿದರು.

"ಒಂದು ಮನೇಲಿ ಒಲೆ ಉರಿದ್ರೆ, ಮುಂದ್ಲ ಸೋಮವಾರ ಅರ್ಧ ಜನ ಬರಾಕಿಲ್ಲ," ಎಂದರು ಅವ್ವ. "ಕೆಲ್ಸ ಆಯ್ತಲ್ಲ ಅಂತಾರೆ. ಹದಿನೇಳು ಮನೆ ಹಂಗೇ ನಿಂತೋಯ್ತವೆ. ಊರು ಉಳಿಸೋದು ಕಾಗದುಕ್ಕಲ್ಲ."

ಕೊನೆಗೆ ಯಜಮಾನರು, "ನಂದೂ ಎಲ್ಲಾರ ಜೊತೇಲೇ ಏಳ್ಲಿ ಬುಡಿ," ಎಂದು ಎದ್ದು ಹೋದರು. ಅಲ್ಲಿಗೆ ಮುಗಿಯಿತು. ಅವ್ವ ಗೆದ್ದರೆಂದು ನನಗೆ ಅನಿಸಲಿಲ್ಲ. ಊರನ್ನು ಕಳೆದರೆಂದೇ ಅನಿಸಿತು. ಅವರಿಗೂ ಹಾಗೆ ಅನಿಸಿತ್ತೇನೋ. ಆ ಮಧ್ಯಾಹ್ನ ಅವರು ಬಂಡೆಯ ಮೇಲೆ ಒಬ್ಬರೇ ಕೂತು ತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು...

ಮೂರನೆಯ ಸೋಮವಾರ ಕಳೆದು ಗುರುವಾರ ಅಮಲ್ದಾರರು ಬಂದರು. ಮುಚ್ಚುಕೋಟು, ಜರಿಯಂಚಿನ ಪೇಟ, ಹೊಳೆಯುವ ಬೂಟು. ಬೂಟಿಗೆ ಎಂಟು ತೂತಿನ ಲಾಡಿ. ತೆಪ್ಪದಲ್ಲಿ ಕೂರಿಸಿ ಕರೆತಂದೆವು. ಹದಿನೆಂಟು ಮನೆಯೂ ಎದೆಮಟ್ಟ. ಒಂದಕ್ಕೂ ಸೂರಿಲ್ಲ. ಆದರೂ ದಿಬ್ಬದವರು ಆ ವಾರ ಶಾಲೆ ಬಿಟ್ಟು ತಂತಮ್ಮ ಹೊಸಿಲೊಳಗೆ ಒಲೆ ಹೂಡಿದ್ದರು. ಎದೆಮಟ್ಟದ ಗೋಡೆಗಳ ನಡುವೆ ಬಾಗಿಲುವಾಡಗಳು ಮಾತ್ರ ತಲೆ ಎತ್ತಿ ನಿಂತಿದ್ದವು. ಹಿಂದೆ ಬಂದ ಗುಮಾಸ್ತ ಆಗಲೇ ಪೆನ್ಸಿಲು ತೆಗೆದಿದ್ದ.

ಮೊದಲ ಮನೆ. ಗೋಡೆಯ ಮೇಲಿಂದಲೇ ಒಳಗಿನದೆಲ್ಲ ಕಾಣುತ್ತಿತ್ತು. ಮೂರು ಕಲ್ಲಿನ ಒಲೆ, ಅದರ ಮೇಲೆ ಮಡಕೆ, ಹೊಗೆ. ಹೊಸಿಲ ಮುಂದೆ ರಂಗೋಲಿ. ಒಳಗೆ ಮನೆಯಾಕೆ ನೀರಿನ ಚೊಂಬು ಹಿಡಿದು ನಿಂತು, ಬನ್ನಿ ಸ್ವಾಮಿ, ಒಳಕ್ಕೆ ಬನ್ನಿ, ಎಂದಳು. ಅಮಲ್ದಾರರು ಬಾಗಿಲ ಹತ್ತಿರ ಹೋದರು. ಹೊಸಿಲಿನ ಅರಿಶಿನ ನೋಡಿದರು. ಆಮೇಲೆ ತಮ್ಮ ಕಾಲು ನೋಡಿಕೊಂಡರು. ಆಕಾಶವೇ ಸೂರಾಗಿದ್ದ ಆ ಮನೆಯ ಮುಂದೆ ತಾಲ್ಲೂಕಿನ ದೊರೆ ನಿಧಾನವಾಗಿ ಬಗ್ಗಿ, ಒಂದೊಂದೇ ತೂತಿನಿಂದ ಲಾಡಿ ಎಳೆದು, ಬೂಟು ಬಿಚ್ಚಿ ಪಕ್ಕಕ್ಕಿಟ್ಟರು. ಪೇಟ ತಾಗದಂತೆ ತಲೆ ತಗ್ಗಿಸಿ ಒಳಗೆ ಹೋದರು. ನೀರು ಕುಡಿದರು. ಹೊರಬಂದು ಮತ್ತೆ ಲಾಡಿ ಕಟ್ಟಿಕೊಂಡರು.

ಎರಡನೆಯ ಮನೆಯಲ್ಲೂ ಅರಿಶಿನ, ರಂಗೋಲಿ, ಚೊಂಬು. ಮೂರನೆಯದರಲ್ಲೂ. ನಾಲ್ಕನೆಯ ಮನೆಯ ಹೊತ್ತಿಗೆ ಬೂಟು ಹಾಕಿಕೊಳ್ಳುವುದನ್ನೇ ಬಿಟ್ಟರು. ದಫೇದಾರ ಅದನ್ನು ಮಗುವಿನಂತೆ ಎತ್ತಿಕೊಂಡು ಹಿಂದೆ ನಡೆದ. ಹದಿನೆಂಟು ಹೊಸಿಲು, ಹದಿನೆಂಟು ಚೊಂಬು. ಕೊನೆಯದು ಅವ್ವನ ಮನೆ. ಅವರೂ ಎಲ್ಲರಂತೆ ನೀರು ಕೊಟ್ಟರು.

ಹೊರಬಂದ ಮೇಲೆ ಗುಮಾಸ್ತ, ಬೇಚಿರಾಕ್ ಅಂತ ಬರ್ಕೊಳ್ಳಲಾ ಸ್ವಾಮಿ, ಎಂದು ಕೇಳಿದ. ಅಮಲ್ದಾರರು ತಮ್ಮ ಕೆಸರಾದ ಬರಿಗಾಲನ್ನೊಮ್ಮೆ ನೋಡಿಕೊಂಡರು.

"ಬಯಲಲ್ಲಿ ಯಾರಾದ್ರೂ ಬೂಟು ಬಿಚ್ತಾರೇನಯ್ಯ? ಹದಿನೆಂಟು ಮನೆ ಅಂತ ಬರ್ಕೊ."

ಇಷ್ಟೆಲ್ಲ ಮೊದಲೇ ಲೆಕ್ಕ ಹಾಕಿದ್ದಿರಾ ಎಂದು ಆ ಸಂಜೆ ಅವ್ವನನ್ನು ಕೇಳಿದೆ. ನನ್ನ ಪ್ರಶ್ನೆಯೇ ಅವರಿಗೆ ಅರ್ಥವಾಗಲಿಲ್ಲ. "ಹೊಸಿಲು ಇದ್ರೆ ಮನೆ ಅಲ್ವಾ, ಮೇಷ್ಟ್ರೆ. ಗೋಡೆ ಇರೋದು ಗಾಳಿಗೆ," ಎಂದರು.

ಇನ್ನೆರಡು ಸೋಮವಾರಕ್ಕೆ ಗೋಡೆ ಮುಗಿದು, ಜೊಂಡಿನ ಸೂರು ಏರಿತು. ಸಮಿತಿ ಹೊಸಕೋಟೆಯಿಂದ ಫೋಟೋದವರನ್ನು ಕರೆಸಿತು. ನಮಗೆಲ್ಲ ಹಾರ, ಅಧ್ಯಕ್ಷರ ಕೈಗೆ ಮಣ್ಣು ಮುಟ್ಟದ ಹೊಸ ಸನಿಕೆ. ಅವ್ವನಿಗೆಂದು ನಡುವೆ ಕುರ್ಚಿ ಹಾಕಿಸಿದ್ದೆ. ಅಷ್ಟರಲ್ಲಿ ಬೂದಿಗೆರೆಯ ಕಡೆಯಿಂದ ಗಾಡಿ ಬಂತು, ಯಾರಿಗೋ ನೋವು ಶುರುವಾಗಿದೆಯಂತೆ. ಐದು ನಿಮಿಷ ಕೂತು ಹೋಗಿ ಎಂದು ಬೇಡಿಕೊಂಡೆ.

"ಪಟ ನಾಳೆನೂ ತೆಗೀಬೋದು ಮೇಷ್ಟ್ರೆ. ಕೂಸು ನಾಳೆ ಅನ್ನಾಕಿಲ್ಲ."

ಫೋಟೋದವರು ಪಟ ತೆಗೆದು ಆ ಮಧ್ಯಾಹ್ನವೇ ಹೊರಟುಹೋದರು.

ಮರುವರ್ಷ ನನಗೆ ತೂಬಗೆರೆಗೆ ವರ್ಗವಾಯಿತು, ಅಲ್ಲಿಂದ ನೆಲಮಂಗಲಕ್ಕೆ. ಅವ್ವ ಹೋದ ಸುದ್ದಿ ಒಂದು ಕಾರ್ಡಿನಲ್ಲಿ ಬಂತು. ಅದು ತಲುಪುವ ಹೊತ್ತಿಗೆ ಎಲ್ಲ ಕರ್ಮವೂ ಮುಗಿದಿತ್ತು. ದಿಬ್ಬದವರು ಬಸ್ಸಿಗೆಂದು, ವಿದ್ಯುತ್ತಿಗೆಂದು ಒಬ್ಬೊಬ್ಬರಾಗಿ ರಸ್ತೆಯ ಬದಿಗೆ ಬಂದರು. ಅದಕ್ಕೆ ಯಾವ ಬಿರುಗಾಳಿಯೂ ಬೇಕಾಗಲಿಲ್ಲ. ಈಗ ಅಲ್ಲಿ ಜಾಲಿ ಬೆಳೆದಿದೆ. ಕೆರೆಯಲ್ಲಿ ನೀರೂ ಇಲ್ಲ, ದ್ವೀಪವೆನ್ನಲು.

ಆ ಪಟ ನನ್ನ ಕೋಣೆಯಲ್ಲಿದೆ. ಹಾರ ಹಾಕಿಕೊಂಡ ಒಂಬತ್ತು ಜನರಲ್ಲಿ ಉಳಿದವನು ನಾನೊಬ್ಬನೇ. ನಡುವಿನ ಕುರ್ಚಿ ಖಾಲಿ ಇದ್ದರೆ ಚೆನ್ನಾಗಿರುವುದಿಲ್ಲವೆಂದು ಫೋಟೋದವರು ಅದನ್ನು ತೆಗೆಸಿಬಿಟ್ಟಿದ್ದರು. ಹಾಗಾಗಿ ಅವ್ವ ಅಲ್ಲಿ ಇರಲಿಲ್ಲ ಎಂಬುದಕ್ಕೂ ಗುರುತು ಉಳಿದಿಲ್ಲ. ಕಣ್ಣು ಮುಚ್ಚಿ ನೆನೆಸಿಕೊಂಡರೆ ಈಗೀಗ ಆ ದೊಡ್ಡ ಕೈಗಳು ಮಾತ್ರ ಕಾಣುತ್ತವೆ... ಮುಖ ಬರುವುದಿಲ್ಲ.