ಏಳನೆಯ ಗಾಜಿನ ಕುರಿ

ಮೇಸ್ತ್ರಿಯ ಹೆಬ್ಬೆರಳುಗಳು ಸುಮ್ಮನಿದ್ದದ್ದನ್ನು ನಾನು ಒಂದೇ ಸಲ ಕಂಡಿದ್ದೇನೆ. ಬಸ್ಸಿನಲ್ಲಿ ಕೂತಿದ್ದರೂ ಅಷ್ಟೇ, ಇಲ್ಲದ ಗಾಜಿನ ಕೊಳವೆಯೊಂದನ್ನು ಹಿಡಿದವರಂತೆ ಎರಡೂ ಕೈಯ ಹೆಬ್ಬೆರಳು ಒಂದೇ ಸಮ ತಿರುಗುತ್ತಿದ್ದವು. ಕಾಲೇಜು ಲ್ಯಾಬುಗಳಿಗೆ ಗಾಜಿನ ಸಾಮಾನು ಊದಿಕೊಟ್ಟ ಕೈ ಅದು. ವಯಸ್ಸಾದ ಮೇಲೆ ಮೊಳಕಾಲ್ಮೂರಿನ ಮನೆ ಹಿಂದಿನ ಶೆಡ್ಡಿನಲ್ಲಿ ಗಾಜಿನ ಕುರಿಗಳನ್ನು ಊದುತ್ತಿದ್ದರು.

ತೊಂಬತ್ತರ ದಶಕದ ಕೊನೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಚಳ್ಳಕೆರೆಯಲ್ಲಿ ಸ್ವಂತ ವೆಲ್ಡಿಂಗ್ ಅಂಗಡಿ ಇಟ್ಟಿದ್ದೆ. ಬರ್ನರ್ ರಿಪೇರಿಗೆ ಬಂದ ಅವರ ಚೀಲದಲ್ಲಿ ಅಂಥ ಒಂದು ಕುರಿ ಕಂಡಿತು.

"ಇದೇನ್ ಮಹಾ. ನಾನು ಕಬ್ಬಿಣಾನೇ ಬಗ್ಗಿಸ್ತೀನಿ," ಅಂದೆ.

"ಕಬ್ಬಿಣ ನಿನ್ ಮಾತ್ ಕೇಳ್ತೈತೆ. ಗಾಜು ಕೇಳಲ್ಲ. ಸೋಮವಾರ ರಜಾ ಐತಲ್ಲ, ಬಾ," ಅಂದರು.

ನಾಲ್ಕು ತಿಂಗಳು, ಪ್ರತಿ ಸೋಮವಾರ, ಬರೀ ಕೊಳವೆ ತಿರುಗಿಸಿದೆ. ಎರಡೂ ಕೈ ಒಂದೇ ವೇಗದಲ್ಲಿ ತಿರುಗದಿದ್ದರೆ ಬೆಂಕಿಯಲ್ಲಿ ಮೆತ್ತಗಾದ ಗಾಜು ಹಗ್ಗದಂತೆ ಹೊಸೆದುಕೊಳ್ಳುತ್ತದೆ. ಆಮೇಲೆ ಊದುವುದು. ಊದಿ ತೂತು ಮುಚ್ಚಿದ ಕುರಿಯನ್ನು, ನಿಧಾನಕ್ಕೆ ಆರಲೆಂದು, ಡಬ್ಬಿಯಲ್ಲಿನ ಕಡಲೆಕಾಯಿ ಸಿಪ್ಪೆಯ ಬಿಸಿ ಬೂದಿಯಲ್ಲಿ ಹೂತಿಟ್ಟು ಒಂದು ದಿನ ಮುಟ್ಟಬಾರದು. ನಾನು ಸಂಜೆಗೇ ತೆಗೆದೆ. ಕೈಯಲ್ಲೇ ಸೀಳಿತು.

"ಅದಕ್ಕಿನ್ನೂ ನಿದ್ದೆ ಆಗಿರ್ಲಿಲ್ಲ ಕಣಲೇ," ಅಂದರು. ಬೈಯಲಿಲ್ಲ.

ನನ್ನ ಕುರಿಗಳಿಗೆ ಕೊಂಬು, ಕಣ್ಣು, ಕಿವಿ ಎಲ್ಲ ಇರುತ್ತಿದ್ದವು. ಜೀವ ಮಾತ್ರ ಇರುತ್ತಿರಲಿಲ್ಲ. ಒಂದು ಮಧ್ಯಾಹ್ನ ಪರಶುರಾಂಪುರದ ಹೊಲಕ್ಕೆ ಕರೆದೊಯ್ದರು. ಉರಿಬಿಸಿಲಿಗೆ ಕುರಿಮಂದೆ ಒತ್ತೊತ್ತಾಗಿ ನಿಂತಿತ್ತು, ಒಂದರ ಹೊಟ್ಟೆಯ ನೆರಳಿಗೆ ಇನ್ನೊಂದು ತಲೆ ತೂರಿಸಿಕೊಂಡು.

"ತಲೆ ಎಲ್ಲೈತೆ ಹೇಳು?"

"ಕಾಣ್ತಿಲ್ರಿ."

"ಕಾಣದಿದ್ರೂ ಕುರಿ ಅಂತ ಗೊತ್ತಾಯ್ತಲ್ಲ. ಆ ಹೊಟ್ಟೆ ಊದು. ತಲೆ ತಾನೇ ನೆರಳು ಹುಡುಕ್ಕೊಳ್ತೈತೆ."

ಅಂಥದೇ ಮಂದೆಯೊಂದನ್ನು ಗಾಜಿನಲ್ಲಿ ಮಾಡುವ ಹಟ ಅವರಿಗೆ. ಏಳು ಕುರಿ. ಆರು ಮುಗಿಯುವ ಹೊತ್ತಿಗೆ ಎದೆ ಕಟ್ಟಿ ಮಂಚ ಹಿಡಿದರು.

"ನನ್ ಉಸಿರು ಸಾಲ್ತಿಲ್ಲ. ಕೊನೇದು ನೀನೂದು. ಮಂದೆ ಪೂರ್ತಿ ಆಗಿದ್ದು ನೋಡ್ಬೇಕು," ಅಂದರು.

ಮರುದಿನ ಬೆಳಿಗ್ಗೆ ಊದಿ, ಬೂದಿಯಲ್ಲಿ ಹೂತು, ಆ ಡಬ್ಬಿಯನ್ನು ಅವರ ಮಂಚದ ಪಕ್ಕಕ್ಕೇ ತಂದಿಟ್ಟೆ. ಮಧ್ಯಾಹ್ನಕ್ಕೆ ಅವರಿಗೆ ಏದುಸಿರು ಹತ್ತಿತು. "ಅಣ್ಣಾ, ಈಗ್ಲೇ ತೆಗ್ದು ತೋರ್ಸು. ಅಪ್ಪ ಇರಲ್ಲ," ಎಂದು ಅವರ ಮಗಳು ಅತ್ತಳು. ಡಬ್ಬಿಗೆ ಕೈ ಹಾಕಿದೆ. ಬೂದಿ ಇನ್ನೂ ಸುಡುತ್ತಿತ್ತು.

"ಒರೇಯ್, ಮಲಗಿರ್ಲಿ ಬಿಡು," ಅಂದರು ಮೇಸ್ತ್ರಿ.

ಕೈ ಹಿಂದಕ್ಕೆ ತೆಗೆದೆ. ಹೊತ್ತು ಇಳಿಯುವಾಗ ನೋಡಿದರೆ ಅವರ ಹೆಬ್ಬೆರಳುಗಳು ನಿಂತಿದ್ದವು.

ಮಾರನೆಯ ದಿನ ಅವರನ್ನು ಮಣ್ಣು ಮಾಡಿ ಬಂದು ಬೂದಿ ಕೆದಕಿದೆ. ಕುರಿ ಸೀಳಿರಲಿಲ್ಲ. ಆರರ ನಡುವಿನ ಜಾಗದಲ್ಲಿ ನಿಲ್ಲಿಸಿದೆ.

ಆ ಮಂದೆಯನ್ನು ಅವರ ಮಗಳು ನನಗೇ ಕೊಟ್ಟಳು. ಈಗ ನನ್ನ ಅಂಗಡಿಯಲ್ಲಿದೆ, ವೆಲ್ಡಿಂಗ್ ಸೆಟ್ಟಿನ ಪಕ್ಕದಲ್ಲೇ ನನ್ನದೊಂದು ಗಾಜಿನ ಬರ್ನರೂ ಇದೆ. ಆರು ಕುರಿಗಳ ಹೊಟ್ಟೆಯಲ್ಲಿ ಅವರು ಊದಿ ಮುಚ್ಚಿದ ಉಸಿರು ಹಾಗೆಯೇ ಇದೆ, ಏಳನೆಯದರಲ್ಲಿ ನನ್ನದು. ಅವುಗಳ ಧೂಳು ಒರೆಸುವ ಕೆಲಸವನ್ನು ಇವತ್ತಿಗೂ ಬೇರೆ ಯಾರಿಗೂ ಬಿಟ್ಟಿಲ್ಲ.